ಯಾವ ಲೈನು?

(ಕನ್ನಡ ಹೊತ್ತಿನಲ್ಲಿ ಪ್ರಸಾರವಾದ ಮಾತಿನ ಬರಹ ರೂಪ)



ಇವತ್ತಿನ ಮಾತು ಒಂದೇ ಒಂದು ಪದದ ಬಗ್ಗೆ. ಪದ ಇಂಗ್ಲಿಷಿನದು, ಆದರೆ ಇಂಗ್ಲಿಷ್ ಒಂದಕ್ಷರ ಬಾರದವರ ಬಾಯಲ್ಲೂ ದಿನಕ್ಕೆ ಹತ್ತು ಸಲ ಬರುತ್ತದೆ. ಲೈನ್.

ನಮ್ಮ ಫೋನ್-ಇನ್ ಕಾರ್ಯಕ್ರಮ ಕೇಳುವವರಿಗೆ ಗೊತ್ತು, ಅರ್ಧ ಗಂಟೆಯಲ್ಲಿ ನಾನು ಎಷ್ಟು ಸಲ "ಲೈನ್‌ನಲ್ಲಿ ಯಾರಿದ್ದೀರಿ?" ಅಂತ ಕೇಳುತ್ತೇನೆ ಅಂತ. ಹಿರಿಯ ಕೇಳುಗರೊಬ್ಬರು ಇದಕ್ಕೆ ಬೇಸರಪಟ್ಟು ಒಂದು ಕಾರ್ಡು ಬರೆದಿದ್ದರು. ಕನ್ನಡ ಬಿ.ಎ. ಓದಿದವರು ನೀವು, ನಿಮಗೆ ಸಾಲು, ಗೆರೆ, ತಂತಿ ಎಂಬ ಪದಗಳು ಗೊತ್ತಿಲ್ಲವೇ ಎಂಬುದು ಅವರ ಪ್ರಶ್ನೆ. ಗೊತ್ತಿವೆ ಸ್ವಾಮಿ. ಆದರೆ ನೀವೇ ಹೇಳಿ: "ಸಾಲಿನಲ್ಲಿ ಯಾರಿದ್ದೀರಿ?" ಅಂದರೆ ರೇಷನ್ ಅಂಗಡಿ ಮುಂದೆ ನಿಂತವರನ್ನು ಕೇಳಿದ ಹಾಗಾಗುತ್ತದೆ. "ಗೆರೆಯಲ್ಲಿ ಯಾರಿದ್ದೀರಿ?" ಅಂದರೆ ಕುಂಟೆಬಿಲ್ಲೆ ಆಡುವ ಹುಡುಗಿಯರು ಓ ಅನ್ನಬೇಕು. "ತಂತಿಯ ಮೇಲೆ ಯಾರಿದ್ದೀರಿ?" ಅಂದರೆ ಕಾಗೆ!

ತಮಾಷೆ ಇರಲಿ. ಅವರ ಕಾರ್ಡಿನಲ್ಲಿ ಒಂದು ಒಳ್ಳೆಯ ವಿಷಯವೂ ಅಡಗಿತ್ತು. ಇಂಗ್ಲಿಷಿನವರು ಒಂದೇ ಪದದಲ್ಲಿ ಹೇಳಿ ಮುಗಿಸುವುದಕ್ಕೆ ನಮ್ಮಲ್ಲಿ ಎಷ್ಟು ಪದ ಇವೆ ನೋಡಿ. ಬರೆದದ್ದು ಗೆರೆ, ಅಂಗೈಯಲ್ಲಿದ್ದರೆ ರೇಖೆ, ಊಟಕ್ಕೆ ಕೂತರೆ ಪಂಕ್ತಿ, ಹೊಲದಲ್ಲಿ ಸಾಲು, ಟಿಕೆಟ್ಟಿಗೆ ನಿಂತರೆ ಸರತಿ, ಅದೇ ಧಾರವಾಡದ ಕಡೆ ಪಾಳಿ, ಮುದುಕರ ಮುಖದಲ್ಲಿ ಸುಕ್ಕು, ರೈಲಿಗೆ ಹಳಿ, ಕತೆಗೆ ಎಳೆ, ಮನೆತನಕ್ಕೆ ಕುಡಿ. ಇವಕ್ಕೆಲ್ಲ ಅವರು ಲೈನ್ ಅಂದುಬಿಡುತ್ತಾರೆ. ಇಂಗ್ಲಿಷಿನ ಸಣ್ಣ ಪದಗಳ ಸ್ವಭಾವವೇ ಹಾಗೆ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲ್ಲಿವರ್ ಅವರು ‘ರನ್’ ಎಂಬ ಒಂದು ಕ್ರಿಯಾಪದಕ್ಕೆ 645 ಅರ್ಥಗಳನ್ನು ಎಣಿಸಿದ್ದರು. ನಮ್ಮ ಲೈನ್ ಅಷ್ಟು ದೊಡ್ಡ ಸಂಸಾರದ್ದಲ್ಲ. ಆದರೂ ಬಡಕುಟುಂಬವೇನೂ ಅಲ್ಲ.

ಪದದ ಬೇರು ಎಲ್ಲಿದೆ ಗೊತ್ತೇ? ಅಗಸೆ ಗಿಡದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಅಗಸೆಗೆ ‘ಲೀನಮ್’ ಎಂದು ಹೆಸರು. ಆ ಗಿಡದ ನಾರಿನಿಂದ ಹೊಸೆದ ದಾರ ‘ಲೀನಿಯಾ’. ಬಡಗಿ, ಗಾರೆಯವನು ಆ ದಾರ ಹಿಡಿದು ನೆಟ್ಟಗೆ ಗುರುತು ಹಾಕುತ್ತಿದ್ದ. ದಾರದ ಹೆಸರು ಆ ಗುರುತಿಗೂ ಬಂತು. ಲಿನನ್ ಬಟ್ಟೆ, ಕೋಟಿನ ಒಳಗಿನ ಲೈನಿಂಗ್, ಅಗಸೆಯೆಣ್ಣೆಯಿಂದ ಮಾಡುವ ನೆಲಹಾಸು ಲಿನೋಲಿಯಂ, ಎಲ್ಲವೂ ಅದೇ ಗಿಡದ ಮಕ್ಕಳು. (ಕನ್ನಡದಲ್ಲಿ ಅಗಸಿ ಎಂದರೆ ಊರ ಹೆಬ್ಬಾಗಿಲು ಕೂಡ ಹೌದು. ಅದು ಬೇರೆಯೇ ಕತೆ, ಇನ್ನೊಂದು ದಿನ ಹೇಳೋಣ.)

ಅಗಸೆಯ ಮಾತು ಯಾಕೆ ಬಂತೆಂದರೆ, ಈ ಲೈನ್ ವಿಚಾರ ನನ್ನ ತಲೆ ಹೊಕ್ಕಿದ್ದು ಅಗಸೆ ಬೆಳೆಯುವ ಸೀಮೆಯಲ್ಲೇ. ನನ್ನ ಅಕ್ಕನ ಮನೆ ನಾಗಪುರದ ಕಳಮನಾದಲ್ಲಿದೆ. ಭಾವ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್. ಕಳೆದ ದೀಪಾವಳಿಗೆ ಹೋದವರು ನಾವು ಹತ್ತು ದಿನ ಅಲ್ಲೇ ಇದ್ದೆವು. ನಾವು ಅಂದರೆ ನಾನು ಮತ್ತು ನಮ್ಮ ಸೋದರಮಾವ. ಮಾವ ಲೈನ್‌ಮನ್ ಆಗಿ ಮೂವತ್ತೈದು ವರ್ಷ ಕಂಬ ಹತ್ತಿ ಇಳಿದು ನಿವೃತ್ತರಾದವರು. ಧಾರವಾಡದವರಾದ್ದರಿಂದ ಬರುವಾಗ ಎರಡು ಕೆ.ಜಿ. ಪೇಡೆ ತಂದಿದ್ದರು. ಎಲ್ಲಿಂದ? ಲೈನ್ ಬಜಾರಿನಿಂದ! ನೋಡಿ, ಊರು ಬಿಡುವ ಮೊದಲೇ ಲೈನ್ ಬೆನ್ನು ಹತ್ತಿತ್ತು.

ಕಳಮನಾ ನೋಡದವರಿಗೆ ಎರಡು ಮಾತು. ನಾಗಪುರದ ಪೂರ್ವಕ್ಕಿದೆ. ಒಂದು ಕಡೆ ಕೃಷಿ ಮಾರುಕಟ್ಟೆಯ ವಿಸ್ತಾರವಾದ ಯಾರ್ಡು, ಇನ್ನೊಂದು ಕಡೆ ಹೌರಾ ದಾರಿಯ ರೈಲು ನಿಲ್ದಾಣ. ಕಿತ್ತಳೆ, ಮೆಣಸಿನಕಾಯಿ, ತೊಗರಿ, ಕಡಲೆ, ಸೋಯಾಬೀನ್ ಎಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಕಿತ್ತಳೆಯ ಸುಗ್ಗಿಯಲ್ಲಿ ಗಾಡಿಗಳು ಗೇಟಿನಿಂದ ರಸ್ತೆಯವರೆಗೆ ನಿಲ್ಲುತ್ತವೆ. ಅದನ್ನೂ ಲೈನ್ ಎನ್ನುತ್ತಾರೆ. ನಾಗಪುರದ ಮೆಟ್ರೊದಲ್ಲೂ ಒಂದು ಆರೆಂಜ್ ಲೈನ್ ಇದೆ, 2019ರಲ್ಲಿ ಓಡಾಟ ಶುರುವಾದದ್ದು. ಆದರೆ ಅದು ಕಳಮನಾದ ಕಡೆ ಬರುವುದಿಲ್ಲ. ಈ ಕಡೆ ಬರುವುದು ಆಕ್ವಾ ಲೈನ್, ಅದೂ ಪ್ರಜಾಪತಿ ನಗರದ ತನಕ. "ಕಿತ್ತಳೆ ಬರೋದು ಇಲ್ಲಿ, ಆರೆಂಜ್ ಲೈನ್ ಇರೋದು ಅಲ್ಲಿ" ಅಂತ ಅಕ್ಕನ ಮಗಳು ನಗುತ್ತಾಳೆ. ಊರಿನ ದೊಡ್ಡ ಕಚೇರಿಗಳು, ಹೈಕೋರ್ಟಿನ ಪೀಠ, ಆಕಾಶವಾಣಿ ಕೇಂದ್ರ ಇರುವುದು ಸಿವಿಲ್ ಲೈನ್ಸ್‌ನಲ್ಲಿ. ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳ ಸಾಲುಮನೆಗಳಿಗೆ ಲೈನ್ಸ್ ಎನ್ನುತ್ತಿದ್ದರು, ಅದರ ಜೋಡಿಗೆ ಸಿವಿಲ್ ಅಧಿಕಾರಿಗಳ ವಸತಿ ಸಿವಿಲ್ ಲೈನ್ಸ್ ಆಯಿತು. ಅದೇ ಪದ ನಮ್ಮ ಕೊಡಗಿನಲ್ಲಿ ಕಾಫಿ ತೋಟದ ಕೂಲಿಯವರ ಒಂದೊಂದೇ ಕೋಣೆಯ ಲೈನ್ ಮನೆಯಾಗಿದೆ. ಒಂದರಲ್ಲಿ ಸಾಹೇಬರ ಬಂಗಲೆ, ಇನ್ನೊಂದರಲ್ಲಿ ಸೋರುವ ಹೆಂಚು. ಪದಕ್ಕೇನು, ಎರಡೂ ಒಂದೇ.

ಇನ್ನು ಆ ರಾತ್ರಿಯ ಮಾತಿಗೆ ಬರುತ್ತೇನೆ. ಊಟಕ್ಕೆ ಕೂತಿದ್ದೆವು. ಅಕ್ಕ ರೊಟ್ಟಿಯ ಜೊತೆ ಅಗಸಿ ಹಿಂಡಿ ಬಡಿಸುತ್ತಿದ್ದಳು. ವಿದರ್ಭದವರು ಅಗಸೆಗೆ ಜವಸ್ ಅನ್ನುತ್ತಾರೆ, ಅವರೂ ಹೀಗೇ ಚಟ್ನಿ ಮಾಡುತ್ತಾರೆ, ಹಾಗಾಗಿ ಅಕ್ಕನಿಗೆ ಅಲ್ಲಿ ಅಡುಗೆಯ ಪರದೇಶಿತನ ಕಾಡಿಲ್ಲ. ತಟ್ಟನೆ ಕತ್ತಲಾಯಿತು. ಪಕ್ಕದ ಮನೆಯ ಹುಡುಗರು ಒಟ್ಟಿಗೆ ಕೂಗಿದರು: "ಲೈನ್ ಗೇಲೀ!"

ಮಾವ ತಟ್ಟೆ ಬಿಟ್ಟು ಎದ್ದೇಬಿಟ್ಟರು. ಎಡಗೈಯಿಂದ ಬ್ಯಾಟರಿ ಹುಡುಕುತ್ತ, "ಎಲ್ಲಿ ಬಿತ್ತು? ಹುಡುಗರನ್ನ ಒಳಗ ಕರೀರಿ. ಯಾರೂ ಹೊರಗ ಕಾಲಿಡಬ್ಯಾಡ್ರಿ" ಅಂದರು.

ಭಾವ ನಕ್ಕರು. "ಏನೂ ಬಿದ್ದಿಲ್ರೀ ಮಾವಾರ. ಇಲ್ಲಿ ಕರೆಂಟಿಗೇ ಲೈನ್ ಅಂತಾರ. ಕರೆಂಟ್ ಹೋತು ಅಂತ ಒದರಿದ್ರು ಅಷ್ಟ. ಕೂಡ್ರಿ, ಉಣ್ರಿ."

"ಕರೆಂಟಿಗೆ ಲೈನ್ ಅಂದ್ರ ತಂತಿಗೇನಂತಾರ?"

"ತಾರ್ ಅಂತಾರ."

ಮಾವನಿಗೆ ಸಮಾಧಾನವಾಗಲಿಲ್ಲ. ಲೈನ್‌ಮನ್ ಕಿವಿಗೆ ಲೈನ್ ಹೋಯಿತು ಅಂದರೆ ತಂತಿ ಹರಿದು ನೆಲಕ್ಕೆ ಬಿದ್ದ ಹಾಗೆ. ಬಿದ್ದ ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಹುಡುಗರ ಕೂಗಿನಲ್ಲಿ ಇದ್ದದ್ದು ಬರೀ ಟಿ.ವಿ. ಆರಿಹೋದ ಸಂಕಟ, ಮಾವನಿಗೆ ಕೇಳಿಸಿದ್ದು ಅಪಾಯ. ವಿದರ್ಭದ ಮರಾಠಿಯಲ್ಲಿ ಇದು ದಿನದ ಮಾತು, ಹೋದರೆ ಲೈನ್ ಗೇಲಿ, ಬಂದರೆ ಲೈನ್ ಆಲಿ. ಬೆಂಗಳೂರಿನವರು ಕರೆಂಟ್ ಹೋಯ್ತು ಎನ್ನುತ್ತಾರೆ, ಹುಬ್ಬಳ್ಳಿ ಕಡೆ ಲೈಟ್ ಹೋತು ಅಂತಲೂ ಉಂಟು. ಹೋಗುವುದು ಒಂದೇ, ಕಳೆದುಕೊಂಡದ್ದರ ಹೆಸರು ಮಾತ್ರ ಬೇರೆ.

ಮೇಣದಬತ್ತಿ ಹಚ್ಚಿಟ್ಟು ಊಟ ಮುಂದುವರಿಯಿತು. ಮಾತು ಭಾವನ ಕೆಲಸದ ಕಡೆ ಹೊರಳಿತು. ಹೌರಾ ಕಡೆಯಿಂದ ಬರುವ ಗಾಡಿಗಳು ನಾಗಪುರ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಕಳಮನಾದಲ್ಲಿ ನಿಂತುಬಿಡುವುದು ಆ ಊರಿನವರ ಹಳೆಯ ದೂರು. ಕಳಮನಾದಿಂದ ನಾಗಪುರದವರೆಗಿನ ಆರೇ ಕಿ.ಮೀ. ಚಿಲ್ಲರೆ ತುಣುಕು ಬಹುಕಾಲ ಒಂಟಿ ಹಳಿಯಾಗಿತ್ತು, ಜೋಡಿ ಮಾಡುವ ಕೆಲಸ ವರ್ಷಗಟ್ಟಲೆ ಎಳೆಯಿತು. ಮಾವ ಅದನ್ನೇ ಕೇಳಿದರು, ಯಾಕೆ ನಿಲ್ಲಿಸ್ತೀರಿ ಅಂತ.

"ಮುಂದಿನ ಸ್ಟೇಷನ್ನಿಂದ ಲೈನ್ ಕ್ಲಿಯರ್ ಸಿಗಬೇಕಲ್ರೀ. ಅದೊಂದು ಸಿಕ್ಕರ ಸಾಕು, ಗಾಡಿ ಬಿಟ್ಟುಬಿಡ್ತೀವಿ."

ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಲೈನ್ ಕ್ಲಿಯರ್ ಸಿಕ್ಕಮ್ಯಾಲ ಬಿಡ್ತೀರಿ? ನಮ್ಮಲ್ಲಿ ಲೈನ್ ಕ್ಲಿಯರ್ ಕೊಟ್ಟಮ್ಯಾಲ ಬಿಟ್ರ ಹೆಣ ಬೀಳ್ತದ ಅಳಿಯಂದಿರ!"

ಕೇಳುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಇಬ್ಬರೂ ಹೇಳಿದ್ದು ಸರಿಯೇ.

ರೈಲ್ವೆಯ ಕ್ರಮ ಹೀಗಿದೆ. ಎರಡು ನಿಲ್ದಾಣಗಳ ನಡುವಿನ ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಆದ್ದರಿಂದ ಗಾಡಿ ಬಿಡುವ ಸ್ಟೇಷನ್ ಮಾಸ್ಟರು ಮುಂದಿನ ನಿಲ್ದಾಣವನ್ನು ಕೇಳುತ್ತಾರೆ, ಹಳಿ ಖಾಲಿ ಇದೆಯೇ ಅಂತ. ಅವರು ಖಾಲಿ ಇದೆ, ಕಳಿಸಿ ಎಂದು ಒಪ್ಪಿಗೆ ಕೊಡುತ್ತಾರೆ. ಆ ಒಪ್ಪಿಗೆಯೇ ಲೈನ್ ಕ್ಲಿಯರ್. ಅದಕ್ಕೆ ಯಂತ್ರ ಇದೆ, ಗಂಟೆಯ ಸಂಕೇತ ಇದೆ. ಒಂಟಿ ಹಳಿಯ ಮಾರ್ಗದಲ್ಲಿ ಹಿಂದೆ ಎಂಜಿನ್ ಚಾಲಕ ಬೆತ್ತದ ಬಳೆಯೊಂದನ್ನು ಓಡುವ ಗಾಡಿಯಿಂದಲೇ ಕೈಚಾಚಿ ತೆಗೆದುಕೊಳ್ಳುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ಬಳೆಯ ಚೀಲದಲ್ಲಿ ಒಂದು ಲೋಹದ ಚೆಂಡು ಇರುತ್ತಿತ್ತು. ಆ ಚೆಂಡು ಕೈಯಲ್ಲಿದ್ದರೆ ಮುಂದಿನ ಹಳಿ ನಿನ್ನದು ಎಂದರ್ಥ. ಯಂತ್ರ ಕೆಟ್ಟರೆ ಕಾಗದದ ಮೇಲೆ ಲೈನ್ ಕ್ಲಿಯರ್ ಬರೆದು ಕೊಡುತ್ತಾರೆ, ಎರಡೂ ಕಡೆಯ ಮಾಸ್ಟರುಗಳು ಗುಟ್ಟಿನ ಸಂಖ್ಯೆ ಬದಲಾಯಿಸಿಕೊಂಡು ಬರೆದಿಟ್ಟುಕೊಳ್ಳುತ್ತಾರೆ. ಒಟ್ಟಿನಲ್ಲಿ ಅಲ್ಲಿ ಲೈನ್ ಕ್ಲಿಯರ್ ಅಂದರೆ ಓಡಿಸು.

ಕರೆಂಟಿನವರದು ತಿರುಗುಮುರುಗು. ನಮ್ಮ ಕರ್ನಾಟಕದ ವಿದ್ಯುತ್ ಸಿಬ್ಬಂದಿ ಎಲ್.ಸಿ. ಎನ್ನುತ್ತಾರಲ್ಲ, ಅದರ ಪೂರ್ತಿ ರೂಪವೂ ಲೈನ್ ಕ್ಲಿಯರ್. ತಂತಿಯ ಮೇಲೆ ಕೆಲಸ ಮಾಡಬೇಕಾದವರು ಸಬ್‌ಸ್ಟೇಷನ್ನಿನಿಂದ ಎಲ್.ಸಿ. ಪಡೆಯಬೇಕು. ಅಲ್ಲಿನವರು ಆ ಫೀಡರನ್ನು ಬಂದ್ ಮಾಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ಇನ್ನು ಹತ್ತಬಹುದು ಎಂದು ಅನುಮತಿ ಕೊಡುತ್ತಾರೆ. ಹತ್ತುವವನು ಮೊದಲು ಕರೆಂಟ್ ಇಲ್ಲವೆಂದು ಪರೀಕ್ಷೆ ಮಾಡಿ, ಅರ್ಥಿಂಗ್ ರಾಡಿನಿಂದ ತಂತಿಯನ್ನು ನೆಲಕ್ಕೆ ಜೋಡಿಸಬೇಕು. ಕೆಲಸ ಮುಗಿದ ಮೇಲೆ ಎಲ್.ಸಿ. ಪಡೆದವರೇ ಅದನ್ನು ವಾಪಸ್ ಮಾಡಬೇಕು. ಆಮೇಲಷ್ಟೇ ಕರೆಂಟ್ ಬಿಡಬೇಕು. ಅಂದರೆ ಇಲ್ಲಿ ಲೈನ್ ಕ್ಲಿಯರ್ ಅಂದರೆ ಯಾವುದೂ ಓಡಬಾರದು, ತಂತಿಯ ಹತ್ತಿರ ಮನುಷ್ಯ ಇದ್ದಾನೆ.

ಅದೇ ಎರಡು ಪದ. ಒಂದು ಕಚೇರಿಯಲ್ಲಿ ಬಿಡು, ಇನ್ನೊಂದರಲ್ಲಿ ಬಿಡಬೇಡ. ಇಂಥ ಪದವನ್ನು ಬರಿಯ ನಿಘಂಟಿನಲ್ಲಿ ನೋಡಿ ಅರ್ಥ ಮಾಡಿಕೊಳ್ಳಲು ಆಗುತ್ತದೆಯೇ?

ಮಾವ ಆಗ ಹೇಳಿದ ಸಂಗತಿ ನಾನು ಮೊದಲು ಕೇಳಿರಲಿಲ್ಲ. ಅತ್ತೆಗೂ ಅವರು ಹೇಳಿರಲಿಲ್ಲವಂತೆ. ಒಂದು ಮಳೆಗಾಲ, ಹನ್ನೊಂದು ಕೆ.ವಿ. ತಂತಿ. ಒಂದೇ ಫೀಡರಿನ ಮೇಲೆ ಎರಡು ತಂಡ ಕೆಲಸ ಮಾಡುತ್ತಿದ್ದವು, ಒಂದು ಊರ ಆ ಕೊನೆಗೆ, ಮಾವನದು ಈ ಕೊನೆಗೆ. ಆ ತಂಡದ ಕೆಲಸ ಮೊದಲು ಮುಗಿಯಿತು. ಅವರಲ್ಲೊಬ್ಬ ಫೋನ್ ಮಾಡಿ "ಲೈನ್ ಕ್ಲಿಯರ್ ಆತ್ರೀ" ಅಂದ. ಅವನ ಮನಸ್ಸಿನಲ್ಲಿದ್ದದ್ದು ನಮ್ಮ ಪಾಲಿನ ಕೆಲಸ ಮುಗೀತು, ನಮ್ಮವರು ಇಳಿದರು ಅಂತ. ಆ ಕಡೆ ಫೋನ್ ಹಿಡಿದವನಿಗೆ ಕೇಳಿಸಿದ್ದು ತಂತಿಯ ಮೇಲೆ ಈಗ ಯಾರೂ ಇಲ್ಲ ಅಂತ. ರಿಜಿಸ್ಟರ್ ನೋಡಲಿಲ್ಲ, ಸ್ವಿಚ್ ಹಾಕಿಬಿಟ್ಟ.

"ಢಂ ಅಂತು. ನನ್ನ ಕೈಗೂ ತಂತಿಗೂ ನಾಲ್ಕು ಬಟ್ಟು ಇತ್ತು ನೋಡ್ರಿ. ರಾಡ್ ಹಾಕಿದ್ದೆ, ಅದಕ್ಕ ಕರೆಂಟ್ ಭೂಮಿಗಿಳೀತು, ಅಲ್ಲಿ ಟ್ರಿಪ್ ಆತು. ಆ ರಾಡ್ ಹಚ್ಚೋದಕ್ಕ ಐದು ನಿಮಿಷ ಹಿಡಿತದ. ಅವತ್ತ ಮಳಿ ಬರಾಕತ್ತಿತ್ತು, ಬ್ಯಾಡ ಬಿಡು ಅಂತ ಜೋಡಿದಾರ ಅಂದಿದ್ದ."

ಯಾರೂ ಮಾತಾಡಲಿಲ್ಲ. ಮಾವನೇ ಮುಂದುವರಿಸಿದರು. ಆವತ್ತಿನಿಂದ ನಿವೃತ್ತಿಯಾಗುವ ತನಕ ಅವರು ಬರೀ ಲೈನ್ ಕ್ಲಿಯರ್ ಎಂಬ ಎರಡು ಶಬ್ದ ಆಡಿದವರಲ್ಲ. ಹತ್ತುವಾಗ "ಎಲ್.ಸಿ. ತಗೊಂಡೀನಿ, ನಂಬರ್ ಇಷ್ಟು, ಮಂದಿ ಮ್ಯಾಲ ಅದಾರ" ಅನ್ನುವುದು. ಇಳಿದ ಮೇಲೆ "ಎಲ್.ಸಿ. ವಾಪಸ್, ನಂಬರ್ ಇಷ್ಟು, ನಮ್ಮ ಮಂದಿ ಕೆಳಗ ಅದಾರ, ಉಳಿದವರದ್ದು ಕೇಳ್ಕೋರಿ" ಅನ್ನುವುದು. ಕಿರಿಯರು ನಗುತ್ತಿದ್ದರಂತೆ, ಮಾವಾರು ಪುರಾಣ ಓದ್ತಾರ ಅಂತ.

ಭಾವ ಅದಕ್ಕೊಂದು ಮಾತು ಕೂಡಿಸಿದರು. ರೈಲು ಹಳಿಯ ಮೇಲೂ ವಿದ್ಯುತ್ ತಂತಿ ಇದೆ, ಅದರಲ್ಲಿ 25,000 ವೋಲ್ಟ್. ಆ ತಂತಿ ರಿಪೇರಿಗೆ ಕರೆಂಟ್ ತೆಗೆಯುವುದನ್ನು ರೈಲ್ವೆಯವರು ಲೈನ್ ಕ್ಲಿಯರ್ ಎನ್ನುವುದಿಲ್ಲ. ಅದಕ್ಕೆ ಪವರ್ ಬ್ಲಾಕ್ ಎಂಬ ಬೇರೆ ಹೆಸರು. ಹಳಿಯ ಮೇಲೆ ಗಾಡಿ ತಡೆದರೆ ಅದು ಟ್ರಾಫಿಕ್ ಬ್ಲಾಕ್. ಕೆಳಗೆ ಹಳಿ, ಮೇಲೆ ತಂತಿ, ಎರಡಕ್ಕೂ ಒಂದೇ ಪದ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ನನಗೆ ಅಲ್ಲಿ ಆ ಕಾರ್ಡು ಬರೆದ ಹಿರಿಯರು ನೆನಪಾದರು. ಪರಭಾಷೆಯ ಪದ ಬೇಡವೇ ಬೇಡ ಎಂಬುದು ಅವರ ವಾದ. ಜಿ. ವೆಂಕಟಸುಬ್ಬಯ್ಯನವರು ಎರವಲು ಪದಗಳಿಗೆಂದೇ ಒಂದು ಪದಕೋಶ ಮಾಡಿದ್ದಾರೆ, ಅಂದರೆ ಬಂದ ಪದಗಳನ್ನು ಅವರು ಮನೆಯವರಂತೆಯೇ ಲೆಕ್ಕಕ್ಕೆ ಹಿಡಿದರು. ನನಗೂ ಪದ ಎಲ್ಲಿಂದ ಬಂತು ಎಂಬುದಕ್ಕಿಂತ ಅದು ಬಂದು ಯಾವ ಕೆಲಸ ಮಾಡುತ್ತಿದೆ ಎಂಬುದು ಮುಖ್ಯ ಅನಿಸುತ್ತದೆ. ಲೈನ್‌ಮನ್ ಎಂಬುದು ಕನ್ನಡವೇ. ಕರ್ನಾಟಕದಲ್ಲಿ ಈಗ ಆ ಹುದ್ದೆಗೆ ಪವರ್‌ಮ್ಯಾನ್ ಎಂದು ಹೆಸರು ಬದಲಾಗಿದೆ, ಆದರೆ ಕರೆಂಟ್ ಹೋದಾಗ ಹಳ್ಳಿಯಲ್ಲಿ ಯಾರಾದರೂ ಪವರ್‌ಮ್ಯಾನ್ ಎಲ್ಲಿ ಅಂತ ಕೇಳಿದ್ದನ್ನು ನಾನು ಕೇಳಿಲ್ಲ. ಹಾಗೇ ಟೆಲಿಗ್ರಾಮಿಗೆ ನಮ್ಮವರು ತಂತಿ ಎಂದು ಹೆಸರಿಟ್ಟರು, ಸುದ್ದಿ ಹರಿಯುವ ಲೈನಿನ ಹೆಸರನ್ನೇ ಸುದ್ದಿಗೂ ಕೊಟ್ಟರು. 2013ರ ಜುಲೈನಲ್ಲಿ ಆ ಸೇವೆ ನಿಂತಿತು. ತಂತಿ ಬಂತು ಅಂದರೆ ಎದೆ ಡವಡವ ಎನ್ನುತ್ತಿದ್ದ ಕಾಲ ಮುಗಿಯಿತು. ಬೆಂಗಳೂರಿನ ಮೆಟ್ರೊದವರು ನೇರಳೆ ಮಾರ್ಗ, ಹಸಿರು ಮಾರ್ಗ ಎಂದು ಬರೆದರು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವೂ ಬಂತು. ಕೇಳಲು ಎಷ್ಟು ಚೆನ್ನಾಗಿದೆ! ಅಲ್ಲಿ ಲೈನ್ ಅನ್ನುವ ಅಗತ್ಯವೇ ಇಲ್ಲ.

ನನಗೆ ಬೇಸರ ತರುವುದು ಇನ್ನೊಂದು. ಯಾವ ಲೈನ್ ಎಂದು ಯೋಚಿಸದೆ ಎಲ್ಲದಕ್ಕೂ ಅದನ್ನೇ ಹೇಳುವ ಸೋಮಾರಿತನ. ಒಮ್ಮೆ ಜೋರು ಮಳೆಯ ಸಂಜೆ ಓದಲು ನನ್ನ ಕೈಗೆ ಬಂದ ಚೀಟಿಯಲ್ಲಿ ಇಷ್ಟೇ ಇತ್ತು: ಇಂಥ ಕಡೆ ಲೈನ್ ಬಂದ್. ರೈಲೋ? ಫೋನೋ? ಕರೆಂಟೋ? ಕರೆಂಟಾದರೆ ತಾನಾಗಿ ಹೋಗಿದೆಯೋ, ತೆಗೆದಿದ್ದಾರೋ, ತಂತಿ ಹರಿದಿದೆಯೋ? ಒಂದು ಹಾಡು ಹೆಚ್ಚಿಗೆ ಹಾಕಿ, ಫೋನ್ ಮಾಡಿ ಕೇಳಿ ತಿಳಿದುಕೊಂಡು ಆಮೇಲೆ ಓದಿದೆವು. ತಂತಿ ಹರಿದು ರಸ್ತೆಗೆ ಬಿದ್ದಿತ್ತು. ಬಂದ್ ಎಂದು ನಂಬಿ ಯಾರಾದರೂ ಅದನ್ನು ಕೋಲಿನಿಂದ ಸರಿಸಲು ಹೋಗಿದ್ದರೆ? ಆದ್ದರಿಂದ ಮಳೆಗಾಲದಲ್ಲಿ ನಮ್ಮ ಕಾರ್ಯಕ್ರಮದಲ್ಲಿ ನಿಮಗೆ ಕೇಳಿಸುವುದು ಹೀಗೆ: ತಂತಿ ಬಿದ್ದಿದೆ, ಹತ್ತಿರ ಹೋಗಬೇಡಿ, ಕರೆಂಟ್ ಇಲ್ಲ ಎಂದುಕೊಳ್ಳಬೇಡಿ, 1912ಕ್ಕೆ ಫೋನ್ ಮಾಡಿ. ಎರಡು ಸೆಕೆಂಡು ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಉಳಿದ ಲೈನುಗಳಿಗೆ ಇವತ್ತು ಹೆಚ್ಚು ಹೊತ್ತಿಲ್ಲ. ಕಳಮನಾದ ದಲಾಲಿಯೊಬ್ಬರು ನನ್ನನ್ನು ಕೇಳಿದ್ದು, "ತಾವು ಯಾವ ಲೈನಿನಲ್ಲಿದ್ದೀರಿ?" ಅಂತ. ಅಂದರೆ ಯಾವ ಕಸುಬು. ರೇಡಿಯೋ ಅಂದೆ. ಅದರಲ್ಲಿ ದುಡ್ಡಿದೆಯೇ ಅಂದರು. ವಿಷಯ ಬದಲಿಸಿದೆ. ಗಾಂಧಿನಗರದ ಸಿನಿಮಾದವರಿಗೆ ಒನ್‌ಲೈನ್ ಅಂದರೆ ಎರಡೂವರೆ ಗಂಟೆಯ ಕತೆಯ ಎಳೆ. ಕಾಲೇಜು ಹುಡುಗರು ಹೊಡೆಯುವ ಲೈನ್ ಯಾವುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಲೈನ್ ಹೊಡೆದವರನ್ನು ಮನೆಯವರು ಆಮೇಲೆ ಲೈನಿಗೆ ತರುತ್ತಾರೆ.

ಡೆಡ್‌ಲೈನ್ ಒಂದನ್ನು ಮಾತ್ರ ಹೇಳಲೇಬೇಕು. ಈ ಬರಹವನ್ನು ಪತ್ರಕ್ಕೆ ಕೊಡಲು ನನಗೂ ಒಂದು ಡೆಡ್‌ಲೈನ್ ಇತ್ತು. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಆಂಡರ್ಸನ್‌ವಿಲ್ ಎಂಬಲ್ಲಿ ಕೈದಿಗಳ ಶಿಬಿರದೊಳಗೆ ಗಿಡ್ಡ ಬೇಲಿಯೊಂದಿತ್ತು. ಅದನ್ನು ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಆ ಬೇಲಿಗೆ ಡೆಡ್‌ಲೈನ್ ಎಂದೇ ಹೆಸರು. ಇದನ್ನು ಮಾವನಿಗೆ ಹೇಳಿದಾಗ ಅವರು ಒಪ್ಪಲಿಲ್ಲ. "ನಮಗ ಲೈನ್ ಡೆಡ್ ಇದ್ರೇನ ಮನಷ್ಯಾ ಬದುಕ್ತಾನ" ಅಂದರು.

ಮುಂದಿನ ತಿಂಗಳ ಪತ್ರದಲ್ಲಿ ನಿಮ್ಮ ಲೈನುಗಳಿಗೆ ಒಂದು ಪುಟ ಮೀಸಲಿಟ್ಟಿದ್ದೇವೆ. ನಿಮ್ಮ ಊರಿನಲ್ಲಿ, ನಿಮ್ಮ ಕಸುಬಿನಲ್ಲಿ ಲೈನ್ ಎಂದರೆ ಏನು, ಬರೆದು ಕಳಿಸಿ. ಯಾರ ಬಾಯಲ್ಲಿ, ಯಾವ ಕೆಲಸದ ನಡುವೆ ಕೇಳಿದಿರಿ ಎಂಬುದನ್ನು ಮರೆಯದೆ ಸೇರಿಸಿ. ಕಾರ್ಡು ಬರೆದ ಹಿರಿಯರೂ ಬರೆಯಬೇಕೆಂದು ವಿಶೇಷ ಕೋರಿಕೆ. ಫೋನ್-ಇನ್‌ಗೆ ಕರೆ ಮಾಡಿದರೆ ಇನ್ನೂ ಸಂತೋಷ. ಲೈನ್‌ನಲ್ಲಿ ನಾನೇ ಇರುತ್ತೇನೆ.